ಓಡಬೇಡಿ, ಇದು ಪಾರ್ಕು

ಇಂದಿರಾನಗರದ ಪಾರ್ಕಿನ ಆ ಬೋರ್ಡನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಜಾಗಿಂಗ್ ಮಾಡಬೇಡಿ, ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತಬೇಡಿ. ಎಲ್ಲರೂ ನಕ್ಕು ಫಾರ್ವರ್ಡ್ ಮಾಡಿದರು. ನನಗೆ ಮಾತ್ರ ಅದನ್ನು ಬರೆಸಿದವರ ಮೇಲೆ ಗೌರವ ಉಕ್ಕಿತು. ಪಾರ್ಕಿಗೂ ಪ್ರದಕ್ಷಿಣೆಯೇ ಹಾಕಬೇಕು ಅನ್ನಲು ಎಂಥ ಭಕ್ತಿ ಬೇಕು! ನಮ್ಮ ಪಾರ್ಕುಗಳ ನಡುವೆ ಗರ್ಭಗುಡಿ ಇರುವುದಿಲ್ಲ, ಬೀಗ ಜಡಿದ ಪಂಪ್‌ಹೌಸ್ ಇರುತ್ತದೆ. ಇರಲಿ, ನಂಬಿಕೆ ದೊಡ್ಡದು.

ಪಾಪ, ಉಸೇನ್ ಬೋಲ್ಟ್‌ಗೆ ಇದು ಗೊತ್ತಿರಲಿಲ್ಲ. 2009ರಲ್ಲಿ ಬರ್ಲಿನ್‌ನಲ್ಲಿ 200 ಮೀಟರನ್ನು 19.19 ಸೆಕೆಂಡಿನಲ್ಲಿ ಮುಗಿಸಿದ. ಒಂದೇ ಸಲಕ್ಕೆ ಎರಡು ತಪ್ಪು. ಓಡಿದ್ದು ಒಂದು, ಎಡಕ್ಕೆ ತಿರುಗಿ ಓಡಿದ್ದು ಇನ್ನೊಂದು. ಪ್ರಪಂಚದ ಎಲ್ಲ ಟ್ರ್ಯಾಕ್‌ಗಳಲ್ಲೂ ಹೀಗೆ ಉಲ್ಟಾನೇ ಓಡುತ್ತಾರೆ. ಅಲ್ಲೆಲ್ಲ ಬೋರ್ಡ್ ಹಾಕುವವರಿಲ್ಲ, ಅಲ್ವಾ.

ಹಾಗೆ ನೋಡಿದರೆ ನಮ್ಮ ಹವ್ಯಾಸಿ ಓಟಗಾರರಿಗೆ ಯಾರಾದರೂ ಬ್ರೇಕ್ ಹಾಕಲೇಬೇಕಿತ್ತು. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿ ಅಂತ ಕೋಚ್‌ಗಳು ಬಡಕೊಳ್ಳುತ್ತಾರೆ. ಕೇಳುವವರು ಯಾರು? ಬೆಂಗಳೂರಿನ ಟೆನ್‌ಕೆ, ಅಂದರೆ ಹತ್ತು ಕಿಲೋಮೀಟರ್ ಓಟದ ಶುರುವಿಗೆ ಹೋಗಿ ನಿಂತುಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಕೊನೇ ಬಸ್ಸು ಹೊರಟಂತೆ ಎಲ್ಲರೂ ನುಗ್ಗುತ್ತಾರೆ. ಮೊದಲ ಕಿಲೋಮೀಟರ್ ದಾಟುವಾಗ ವಾಚ್ ನೋಡಿಕೊಂಡು ಮುಗುಳ್ನಗು. ನಾಲ್ಕನೆಯದಕ್ಕೆ ಒಬ್ಬೊಬ್ಬರೇ ಪಕ್ಕಕ್ಕೆ ಸರಿದು ಬಗ್ಗಿ ಶೂ ಲೇಸ್ ಕಟ್ಟತೊಡಗುತ್ತಾರೆ. ಲೇಸ್ ಬಿಚ್ಚಿರುವುದೇ ಇಲ್ಲ. ಏಳುವಾಗ ಮೊಣಕಾಲಿನ ಮೇಲೆ ಕೈ, ಮುಖ ಕುಂಕುಮ. ಕೆನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದಾಗ ಮೊದಲರ್ಧಕ್ಕಿಂತ ಎರಡನೇ ಅರ್ಧವನ್ನು ಸುಮಾರು ಒಂದು ನಿಮಿಷ ಬೇಗ ಮುಗಿಸಿದ್ದ. ನಮ್ಮವರು ಎರಡನೇ ಅರ್ಧದಲ್ಲಿ ಎಳನೀರಿನವನನ್ನು ಹುಡುಕುತ್ತಿರುತ್ತಾರೆ.

ಇನ್ನು ಟೆಕ್ನಿಕ್ ಕಲಿಸಲು ನಮ್ಮ ಫುಟ್‌ಪಾತಿಗೆ ಸಾಟಿಯಿಲ್ಲ. ಹೆಜ್ಜೆ ಚಿಕ್ಕದಿರಲಿ, ಕಾಲು ಮುಂದೆ ಚಾಚಬೇಡಿ, ಪಾದ ಮೈಯ ಕೆಳಗೇ ಬೀಳಲಿ ಅಂತ ಹೇಳಿಕೊಡುವುದಕ್ಕೆ ಕೋಚ್ ತಿಂಗಳಿಗಿಷ್ಟು ಅಂತ ಫೀಸ್ ತಗೊಳ್ಳುತ್ತಾರೆ. ಫುಟ್‌ಪಾತ್ ಪುಕ್ಕಟೆ ಕಲಿಸುತ್ತದೆ. ಕಾಲು ಚಾಚಿದರೆ ಚಪ್ಪಡಿ ಇಲ್ಲದ ಜಾಗದಲ್ಲಿ ನೇರ ಮೋರಿಗೆ. ತಲೆ ಎತ್ತಿ ಮುಂದೆ ನೋಡಿ ಓಡಬೇಕು ಅನ್ನುವುದೊಂದು ಪಾಠ ಮಾತ್ರ ಇಲ್ಲಿ ನಡೆಯುವುದಿಲ್ಲ. ಮುಂದೆ ನೋಡಿದರೆ ಕಾಲು ಹೋಯಿತು, ಕೆಳಗೆ ನೋಡಿದರೆ ಟ್ರಾನ್ಸ್‌ಫಾರ್ಮರ್. ಮಧ್ಯೆ ಮಧ್ಯೆ ವೇಗ ಹೆಚ್ಚಿಸುವ ಅಭ್ಯಾಸಕ್ಕೆ ಕ್ರಾಸಿಗೊಂದು ನಾಯಿ ಹಿಂಡು ಇದ್ದೇ ಇದೆ.

ತಮಾಷೆ ಸಾಕು. ಬೆಳಗ್ಗೆ ಐದೂವರೆಗೆ ಓಡಲು ಬರುವ ಹೆಣ್ಣುಮಗಳನ್ನು ಪಾರ್ಕಿನಿಂದ ಹೊರಗೆ ಕಳಿಸಿದರೆ ಅವಳು ಹೋಗುವುದೆಲ್ಲಿಗೆ? ಬೀದಿದೀಪ ಉರಿಯದ ರಸ್ತೆಗಾ? ಸ್ಕೂಟರ್ ಓಡುವ ಫುಟ್‌ಪಾತಿಗಾ? ಹಿರಿಯರಿಗೆ ಡಿಕ್ಕಿ ಹೊಡೆಯುತ್ತಾರೆ ಅಂತೀರಾ? ಸರಿ, ದಾರಿ ಅಗಲ ಮಾಡಿ. ಓಡುವವರಿಗೆ ಬೇರೆ ಹೊತ್ತು ಕೊಡಿ. ಒಂದು ಪಟ್ಟಿ ಎಳೆದು ಆ ಕಡೆ ನಡೆಯುವವರು, ಈ ಕಡೆ ಓಡುವವರು ಅನ್ನಿ. ಅದಕ್ಕೆಲ್ಲ ಯಾರಾದರೂ ಬಂದು ಅಳತೆ ಮಾಡಬೇಕು, ಯೋಚಿಸಬೇಕು. ಬೋರ್ಡಿಗಾದರೆ ಪೇಂಟರ್ ಒಬ್ಬ ಸಾಕು. ಕೂರಬೇಡಿ, ಆಡಬೇಡಿ, ಓಡಬೇಡಿ. ಒಂದು ಚಪ್ಪಡಿ ನೆಟ್ಟಗೆ ಕೂರಿಸಲು ಆಗದವರಿಗೆ 'ಬೇಡಿ' ಅನ್ನಲು ಎಷ್ಟು ಹುರುಪು! ಸಾಕಾಗಿದೆ ಕಣ್ರೀ.

ಆದರೂ ಬೋರ್ಡಿನಲ್ಲೊಂದು ಕಿಂಡಿ ಉಳಿದಿದೆ. ಬೇಡ ಅಂದಿರುವುದು ಜಾಗಿಂಗ್, ನಡಿಗೆ ಅಲ್ಲ. ರೇಸ್ ವಾಕಿಂಗ್ ಅಂತ ಒಲಿಂಪಿಕ್ಸ್‌ನಲ್ಲೇ ಇದೆ. ನೋಡುವವರ ಕಣ್ಣಿಗೆ ಒಂದು ಪಾದ ಸದಾ ನೆಲದ ಮೇಲೇ ಇರಬೇಕು, ಮುಂದೆ ಊರಿದ ಕಾಲಿನ ಮಂಡಿ ಮಡಚಬಾರದು, ಅಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಚಾಂಪಿಯನ್ 20 ಕಿಲೋಮೀಟರನ್ನು 80 ನಿಮಿಷದೊಳಗೆ 'ನಡೆದು' ಮುಗಿಸಿದ. ನಾಳೆಯಿಂದ ಸೊಂಟ ತಿರುಗಿಸುತ್ತಾ ನಾವೂ ಹಾಗೇ ಬರುತ್ತೇವೆ. ವಾಚ್‌ಮನ್ ಅಣ್ಣಾ, ಪಾದ ಎತ್ತಿತೋ ಇಲ್ಲವೋ ನೋಡಲು ಕುರ್ಚಿ ಸ್ವಲ್ಪ ಹತ್ತಿರ ಎಳೆದುಕೊಳ್ಳಿ.