ಕಂತು ಬಂತಾ?

ಮನೆಗೆ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ತಲೆತಲಾಂತರದ ಜಗಳವನ್ನು ಪಾರ್ಲಿಮೆಂಟು 2013ರಲ್ಲೇ ತೀರ್ಮಾನಿಸಿಬಿಟ್ಟಿತ್ತು. ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳಾರೋ ಅವಳೇ ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಮುಖ್ಯಸ್ಥೆ. ಹತ್ತು ವರ್ಷ ಆ ಪಟ್ಟ ಅಕ್ಕಿ ಡಬ್ಬದ ಹಿಂದೆ ಧೂಳು ತಿನ್ನುತ್ತಾ ಬಿದ್ದಿತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿ, ಪಟ್ಟಕ್ಕೆ ತಿಂಗಳಿಗೆ 2,000 ರೂಪಾಯಿ ಬೆಲೆ ಬಂದದ್ದೇ ತಡ, ನಡುಮನೆಯ ಮೂಲೆಯಲ್ಲಿ ಕೆಮ್ಮುತ್ತಿದ್ದ ಅತ್ತೆಗೆ ಬಿಸಿನೀರು ಕಾಯಿಸಿಕೊಡುವವರು ಹುಟ್ಟಿಕೊಂಡರು. ಇಷ್ಟೆಲ್ಲ ಯಾಕೆ, ಬೇರೆ ಕಾರ್ಡು ಮಾಡಿಸಿಕೊಳ್ಳೋಣ ಎಂದು ಸೊಸೆ ಹೊರಟರೆ ಆಗ ಹೊಸ ಕಾರ್ಡಿನ ಅರ್ಜಿಯೇ ಬಂದ್ ಆಗಿತ್ತು. ವೈಕುಂಠದ ಬಾಗಿಲಾದರೂ ವರ್ಷಕ್ಕೊಮ್ಮೆ, ಪಂಚಾಂಗ ನೋಡಿಕೊಂಡು ತೆರೆಯುತ್ತದೆ.

ಇನ್ನು ದಾಖಲೆ. ಕಾರ್ಡು, ಆಧಾರ್, ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ಇರಬೇಕು. ಹೆಸರಿಟ್ಟವಳು ಒಬ್ಬಳೇ ಸೋದರತ್ತೆ, ಟೈಪ್ ಮಾಡಿದ ಆಪರೇಟರುಗಳು ಮೂವರು. ಹಾಗಾಗಿ ಕಾರ್ಡಿನಲ್ಲಿ ಗೌರಮ್ಮ, ಆಧಾರಿನಲ್ಲಿ ಗೌರವ್ವ, ಪಾಸ್‌ಬುಕ್ಕಿನಲ್ಲಿ ಗೌರಿ ಕೋಂ ಸಿದ್ದಪ್ಪ. ಒಂದೇ ಮೂಗುತಿಯ ಮೂವರು ಹೆಂಗಸರು.

ಹೆಸರು ಸರಿಹೋಯಿತು ಅನ್ನಿ, ಹಣ ಇನ್ನೂ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆಯಮ್ಮಾ’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಯಾವ ಆಧಾರಿನ ಹಣ ಯಾವ ಬ್ಯಾಂಕಿಗೆ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಗೆ ಸೇರುವುದು, ಬೇರೆ. ನಿಶ್ಚಿತಾರ್ಥ ಬೇರೆ, ಧಾರೆ ಬೇರೆ ಇದ್ದ ಹಾಗೆ. ಸರ್ಕಾರದ ಹಣ ಹುಡುಕಿಕೊಂಡು ಹೋಗುವುದು ಖಾತೆ ನಂಬರನ್ನಲ್ಲ, ಆಧಾರ್ ನಂಬರನ್ನು. ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು, ಕೊನೆಗೆ ಮ್ಯಾಪ್ ಆದದ್ದೇ ಗೆದ್ದದ್ದು. ಜಾತ್ರೆಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಮಾರುವ ಹುಡುಗ ‘ಅಕ್ಕಾ, ಇಲ್ಲೊಂದ್ಸಲ ಬೆರಳಿಡಿ’ ಎಂದು ತೆರೆದುಕೊಟ್ಟ ಖಾತೆಯೊಂದು ಎಲ್ಲೋ ಇರುತ್ತದೆ. ಕಂತುಗಳೆಲ್ಲ ಅಲ್ಲಿ ಹೋಗಿ ತಣ್ಣಗೆ ಕೂತಿರುತ್ತವೆ. ಬ್ಯಾಂಕಿಗೆ ಹೋದಾಗ ‘ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬೀಳುವುದಕ್ಕೆ) ಸೀಡಿಂಗ್ ಮಾಡಿಕೊಡಿ’ ಎಂದೇ ಬರೆದುಕೊಡಬೇಕು. ಬರೀ ‘ಲಿಂಕ್ ಮಾಡಿ’ ಅಂದರೆ ಅವರು ಮತ್ತೆ ಲಿಂಕನ್ನೇ ಮಾಡುತ್ತಾರೆ, ಪಾಪ.

ನನ್ನ ಪ್ರಕಾರ ಯೋಜನೆಯ ಮುಕುಟಮಣಿ ತೆರಿಗೆಯ ತಕರಾರು. ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ, ಜಿಎಸ್‌ಟಿ ರಿಟರ್ನ್ ಹಾಕುವವರಾದರೆ ಹಣವಿಲ್ಲ. ನ್ಯಾಯವೇ. ಗಂಡ ಎಂದೋ ಟೆಂಪೋ ಸಾಲಕ್ಕೆ ಹೋದಾಗ ‘ರಿಟರ್ನ್ ಇದೆಯಾ?’ ಎಂದು ಕೇಳಿರುತ್ತಾರೆ. ಪೇಟೆಯ ಹುಡುಗನೊಬ್ಬ ಐನೂರು ರೂಪಾಯಿ ತಗೊಂಡು ಸೊನ್ನೆ ತೆರಿಗೆಯ ರಿಟರ್ನ್ ಹಾಕಿಕೊಟ್ಟಿರುತ್ತಾನೆ. ಕಂಪ್ಯೂಟರಿನ ಕಣ್ಣಿಗೆ ಸೊನ್ನೆ ಕಟ್ಟಿದವನೂ ಕಟ್ಟಿದವನೇ. ಈಗ ಪರಿಹಾರ: ತೆರಿಗೆ ಕಟ್ಟುವುದಿಲ್ಲವೆಂದು ತೆರಿಗೆ ಇಲಾಖೆಯಿಂದಲೇ ಪತ್ರ ತರಬೇಕು. ಕಟ್ಟದವರನ್ನು ಹಿಡಿಯಲೆಂದೇ ಇರುವ ಕಚೇರಿಗೆ ತಾನಾಗಿ ನಡೆದು ಹೋಗಿ, ‘ಸ್ವಾಮೀ, ನಾನು ಒಂದು ಪೈಸೆಯೂ ಕಟ್ಟಿಲ್ಲ’ ಎಂದು ಕೈಮುಗಿದು, ಅದಕ್ಕೆ ಸೀಲು ಹಾಕಿಸಿಕೊಳ್ಳುವ ಧೈರ್ಯ ಈ ನಾಡಿನ ದೊಡ್ಡ ದೊಡ್ಡ ಕುಳಗಳಿಗೂ ಇಲ್ಲ.

ಹಣದ ಕತೆ ಹಾಗಿರಲಿ, ಅದೇ ಕಾರ್ಡಿನ ಅಕ್ಕಿಗೆ ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರದ ಮುಂದೆ ಒಂದರ್ಧ ಗಂಟೆ ನಿಂತು ನೋಡಿ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ಹಿಡಿಯುವ ಹೆಂಗಸಿನ ಬೆರಳಲ್ಲಿ ಗೆರೆ ಎಲ್ಲಿ ಉಳಿದೀತು? ಗಾರೆ ಕೆಲಸದವಳದ್ದೂ ಅದೇ ಕತೆ. ಬೆರಳು ಒಣಗಿದ್ದರೆ ಯಂತ್ರ ಓದುವುದಿಲ್ಲ, ಒದ್ದೆಯಿದ್ದರೂ ಓದುವುದಿಲ್ಲ. ಅನುಭವಸ್ಥರು ಮೊದಲು ಸೆರಗಿಗೆ ಒರೆಸಿ, ಆಮೇಲೆ ಬೈತಲೆಯ ಪಕ್ಕದ ಕೂದಲಿಗೆ ಎರಡು ಸಲ ಉಜ್ಜಿ, ಎಣ್ಣೆಯ ಪಸೆ ಹತ್ತಿಸಿಕೊಂಡು ಒತ್ತುತ್ತಾರೆ. ಬಲಗೈ ಹೆಬ್ಬೆರಳು, ಎಡಗೈ ಹೆಬ್ಬೆರಳು, ತೋರುಬೆರಳು. ಕೊನೆಗೆ ಓಟಿಪಿ. ಅದು ಹೋಗುವುದು ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ. ಅವನು ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಆಯಸ್ಸು ಮುಗಿದಿರುತ್ತದೆ.

ಈ ನಡುವೆ ‘ಇಂದು ಸಂಜೆಯೊಳಗೆ ಜಮಾ’ ಎಂದು ದಿನವೂ ಕೂಗುವ ಯೂಟ್ಯೂಬ್ ಚಾನೆಲ್ಲುಗಳದ್ದೇ ಒಂದು ಸಂಸಾರ. ಹಣ ಎಲ್ಲರಿಗೂ ಒಂದೇ ದಿನ ಬೀಳುವುದಿಲ್ಲ, ಹಂತ ಹಂತವಾಗಿ ಬೀಳುತ್ತದೆ. ಪಕ್ಕದ ಮನೆಯ ಮೊಬೈಲು ಮೊದಲು ಟಿಂಗ್ ಎಂದರೆ ಆ ದಿನ ಆ ಮನೆಗೆ ಸಾಲದ ಸಕ್ಕರೆಯೂ ಹೋಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಸಂಘದ ಸಾಲದವನು ಬರುತ್ತಾನೆ. ಅವನದ್ದೂ ಕಂತೇ. ಎಂಟು ಗಂಟೆ ಅಂದರೆ ಎಂಟು ಗಂಟೆಗೆ ಅಂಗಳದಲ್ಲಿ ಬೈಕು ನಿಂತಿರುತ್ತದೆ. ಅವನಿಗೆ ಸರ್ವರ್ ಡೌನ್ ಆಗುವುದಿಲ್ಲ, ಬೆರಳೂ ಬೇಕಿಲ್ಲ. ಗೌರಮ್ಮ, ಗೌರವ್ವ, ಗೌರಿ ಕೋಂ ಸಿದ್ದಪ್ಪ ಮೂವರೂ ಒಬ್ಬಳೇ ಎಂದು ಅವನಿಗೆ ಗೊತ್ತು.