ಎರಡೂ ಎಡಗಡೆಯದೇ

ದೇವಸ್ಥಾನದಿಂದ ಹೊರಗೆ ಬಂದಾಗ ನಮ್ಮ ಚಪ್ಪಲಿ ಜಾಗದಲ್ಲಿ ಎರಡು ಎಡಗಾಲಿನ ಚಪ್ಪಲಿ ಕಂಡರೆ ಹೇಗಾಗುತ್ತದೆ? ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ, ಊಟದ ಮೇಜಿನ ಮುಂದೆ ನನಗೆ ಹಾಗೇ ಆಯಿತು. ಮೂರು ದಿನ ಕೂತು ಕತ್ತರಿಸಿ, ಉಜ್ಜಿ, ಅಂಟಿಸಿದ ರೆಕ್ಕೆಗಳನ್ನು ಜೋಡಿಸಲು ಹೋದರೆ ಎರಡೂ ಎಡಗಡೆಯವು!

ರೇಡಿಯೊ ಕಂಟ್ರೋಲ್ ವಿಮಾನದ ರೆಕ್ಕೆ. ತುದಿಯಿಂದ ತುದಿಗೆ ಒಂದು ಮೀಟರ್. 5 ಮಿಲಿಮೀಟರ್ ದಪ್ಪದ ಡೆಪ್ರಾನ್ ಹಾಳೆಯಿಂದ ಮಾಡುವುದು. ಥರ್ಮಾಕೋಲಿನ ತಮ್ಮ ಅಂದುಕೊಳ್ಳಿ, ಕಾಳು ಮಾತ್ರ ಉದುರುವುದಿಲ್ಲ. ಹಾಳೆಯ ಒಳಮೈಗೆ ಬ್ಲೇಡಿನಲ್ಲಿ ಗೀರು ಎಳೆದು, ಮಸಾಲೆ ದೋಸೆಯ ಹಾಗೆ ಮಡಚಬೇಕು. ಮೇಲಿನದು ಉಬ್ಬುತ್ತದೆ, ಕೆಳಗಿನದು ಚಪ್ಪಟೆಯಾಗೇ ಇರುತ್ತದೆ. ಅಚ್ಚು ಒಂದೇ. ಎರಡನೇ ರೆಕ್ಕೆಗೆ ಅದನ್ನು ಮಗುಚಿ ಹಾಕಿ ಗೆರೆ ಎಳೆಯಬೇಕು. ದೋಸೆ ಮಡಚುವುದು ನೆನಪಿತ್ತು, ಮಗುಚುವುದು ಮರೆತಿತ್ತು.

"ಒಂದನ್ನು ತಿರುಗಿಸಿಬಿಡಿ, ಅಷ್ಟೇ ಅಲ್ವಾ?" ಎಂದಳು ಹೆಂಡತಿ. ತಿರುಗಿಸಿದರೆ ರೆಕ್ಕೆಯ ಮುಂದಂಚು ಹಿಂದಕ್ಕೆ ಹೋಗುತ್ತದೆ. ಮಗುಚಿದರೆ ಉಬ್ಬು ಕೆಳಕ್ಕೆ ಬರುತ್ತದೆ. ಅವಳಿಗೆ ಇದನ್ನೆಲ್ಲ ವಿವರಿಸಿದೆ. ಆಮೇಲೆ, ಅವಳು ಮಲಗಿದ ಮೇಲೆ, ನಾನೂ ಮೂರು ಸಲ ತಿರುಗಿಸಿ ನೋಡಿದೆ. ಎಡವಟ್ಟು ಅನ್ನುವ ಮಾತಿನಲ್ಲಿ ಎಡ ಇರುವುದು ಸುಮ್ನೆ ಅಲ್ಲ ಅನಿಸಿತು.

ಹೊಸದಾಗಿ ಬಲ ರೆಕ್ಕೆ ಮಾಡಿದೆ. ಈ ಸಲ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಬಲ", "ಮುಂದೆ", "ಮೇಲೆ" ಎಂದು ಬರೆದೇ ಶುರುಮಾಡಿದ್ದು. ಬೆರಳಿಗೆ ಅಂಟಿಕೊಳ್ಳುವ ಆ ದಿಢೀರ್ ಗೋಂದನ್ನು ಇದಕ್ಕೆ ಮುಟ್ಟಿಸಲೇಬಾರದು. ಒಂದು ತೊಟ್ಟು ಬಿದ್ದರೆ ಡೆಪ್ರಾನ್ ಕರಗಿ, ಹುಳ ತಿಂದ ಬದನೆಕಾಯಿಯ ಹಾಗೆ ತೂತಾಗುತ್ತದೆ. ಎಪಾಕ್ಸಿಯೇ ಬೇಕು. ಎರಡು ಟ್ಯೂಬಿನಿಂದ ಸಮಸಮ ಹಿಂಡಿ, ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲಸಿದರೆ ಹಿಡಿದ ಕಪ್ ಕೈಯಲ್ಲೇ ಬೆಚ್ಚಗಾಗುತ್ತದೆ. ಬೆಚ್ಚಗಾಯಿತೆಂದರೆ ಅವಸರ ಮಾಡಿ ಎಂದೇ ಅರ್ಥ.

ರೆಕ್ಕೆಗಳು ನಡುವಿನಿಂದ ತುದಿಯ ಕಡೆಗೆ ಸ್ವಲ್ಪ ಮೇಲಕ್ಕೆ ಎತ್ತಿಕೊಂಡಿರಬೇಕು, ತುಂಬ ಚಪ್ಪಟೆಯಾದ ಇಂಗ್ಲಿಷ್ ವಿ ಅಕ್ಷರದ ಹಾಗೆ. ಒಂದು ಕಡೆಗೆ ಮೂರು ಡಿಗ್ರಿ ಸಾಕು. ಅಂದರೆ ಒಂದು ರೆಕ್ಕೆಯನ್ನು ಮೇಜಿಗೆ ಒತ್ತಿಟ್ಟು, ಇನ್ನೊಂದರ ತುದಿಯನ್ನು ಸುಮಾರು 5 ಸೆಂಟಿಮೀಟರ್ ಎತ್ತಬೇಕು. ಮಗಳ ಮೂರು ಗಣಿತ ಪುಸ್ತಕ, ಒಂದು ನೋಟ್‌ಬುಕ್. ಒತ್ತಿಟ್ಟ ರೆಕ್ಕೆಯ ಮೇಲೆ ಸಾಂಬಾರ್ ಪುಡಿ ಡಬ್ಬ. ಬೆಳಿಗ್ಗೆಯವರೆಗೆ ಯಾರೂ ಹೋಂವರ್ಕ್ ಮಾಡುವಂತಿಲ್ಲ, ಸಾಂಬಾರೂ ಇಲ್ಲ.

ಅಂಟು ಒಣಗಿದರೂ ಎಡ-ಬಲದ ಕಾಟ ಮುಗಿಯುವುದಿಲ್ಲ. ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿಗಳಿರುತ್ತವೆ, ಏಲರಾನ್. ಒಂದೊಂದನ್ನೂ ಆಡಿಸಲು ಒಂಬತ್ತು ಗ್ರಾಂನ ಪುಟ್ಟ ಸರ್ವೊ ಮೋಟಾರ್. ರಿಮೋಟಿನ ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲಗಡೆಯ ಪಟ್ಟಿ ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಇದನ್ನು ವಿಮಾನದ ಹಿಂದೆ ನಿಂತೇ ನೋಡಬೇಕು. ಮುಂದೆ ನಿಂತು ನೋಡಿ, ಉಲ್ಟಾ ಜೋಡಿಸಿ, ಕೈಬಿಟ್ಟ ಎರಡೇ ಸೆಕೆಂಡಿನಲ್ಲಿ ವಿಮಾನವನ್ನು ನೆಲಕ್ಕೆ ಹೊಡೆದವರು ಬಹಳ ಜನ. ನಾನೂ ಒಬ್ಬ, ಹೋದ ವರ್ಷ.

ಕೊನೆಗೆ ಮೂತಿ ಮತ್ತು ಬಾಲವನ್ನು ಒಂದೊಂದು ಬೆರಳ ಮೇಲಿಟ್ಟು ತೂಗಿದೆ. ಎಡಕ್ಕೆ ವಾಲಿತು. ಆ ರೆಕ್ಕೆ ಮಾಡುವಾಗ ಎಪಾಕ್ಸಿ ಜಾಸ್ತಿ ಸುರಿದಿದ್ದೆ. ಬಲ ತುದಿಗೆ ಒಂದು ರೂಪಾಯಿ ನಾಣ್ಯ ಟೇಪ್ ಹಾಕಿ ಅಂಟಿಸಿದೆ. ನಾಚಿಕೆಯೇನಿಲ್ಲ. 1903ರ ರೈಟ್ ಸಹೋದರರ ವಿಮಾನದಲ್ಲೂ ಬಲ ರೆಕ್ಕೆ ಎಡಕ್ಕಿಂತ ನಾಲ್ಕು ಅಂಗುಲ ಉದ್ದ ಇತ್ತು. ಮಲಗಿ ಹಾರಿಸುವವನ ಬಲಕ್ಕೆ ಎಂಜಿನ್, ಅದು ಅವನಿಗಿಂತ ಭಾರ. ಹಾಗಾಗಿ ಆ ಕಡೆಗೆ ರೆಕ್ಕೆಯನ್ನೇ ಉದ್ದ ಮಾಡಿಬಿಟ್ಟರು. ನಾಣ್ಯಕ್ಕಿಂತ ಮರ್ಯಾದೆಯ ಉಪಾಯ, ಒಪ್ಪುತ್ತೇನೆ.

ಉಳಿದ ಎಡ ರೆಕ್ಕೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಒಂದಲ್ಲ ಒಂದು ದಿನ ಬೀಳುತ್ತದೆ, ಬಿದ್ದಾಗ ಬೇಕಾಗುತ್ತದೆ ಎಂದು ಅಟ್ಟಕ್ಕೆ ಹಾಕಿದೆ. ಭಾನುವಾರ ಒಣಗಿದ ಕೆರೆಯಂಗಳದಲ್ಲಿ ಹಾರಿಸಿದೆವು. ನಾಲ್ಕು ಸುತ್ತು ಚೆನ್ನಾಗಿ ಹಾರಿ, ಇಳಿಯುವಾಗ ಜಾಲಿಗಿಡಕ್ಕೆ ತಾಗಿತು. ಮಗಳು ಓಡಿಹೋಗಿ ಎತ್ತಿಕೊಂಡಳು. ಮುರಿದದ್ದು ಬಲಗಡೆಯದು.