ಸತ್ಯಾಂಶ: ಎಸಿ ಚಳಿಗೆ ಕ್ರಿಮಿ ಸಾಯುವುದಿಲ್ಲ

"ಆಪರೇಷನ್ ಥಿಯೇಟರ್‌ನಲ್ಲಿ ಎಸಿ ಹಾಕೋದೇ ಕ್ರಿಮಿ ಸಾಯಲಿ ಅಂತ. ಎಸಿ ಜೋರಾಗಿದ್ದಷ್ಟೂ ಗಾಯಕ್ಕೆ ಕೀವು ಆಗಲ್ಲ." ದಾವಣಗೆರೆಯ ನಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜ್ ಬಂದಿದೆ.

ಇದು ತಪ್ಪು. ಚಳಿಗೆ ಕ್ರಿಮಿ ಬೆಳೆಯುವುದು ನಿಧಾನವಾಗಬಹುದು, ಸಾಯುವುದಿಲ್ಲ. ರೋಗಿಯ ಮೈ ತೀರಾ ತಣ್ಣಗಾದರೆ ಸೋಂಕಿನ ಭಯ ಜಾಸ್ತಿಯೇ. ಅದಕ್ಕೇ ಹೊದಿಸಿ ಬೆಚ್ಚಗಿಡುತ್ತಾರೆ.

ಕಾಪಾಡುವುದು ಸೋಸಿದ ಗಾಳಿ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಿದ್ದಾಗ ಧೂಳು ತೇಲುವುದು ಕಾಣುತ್ತದೆ ಅಲ್ವಾ? ಅದರಲ್ಲಿ ನಮ್ಮ ಚರ್ಮದಿಂದ ಉದುರಿದ ಚೂರುಗಳೂ ಇರುತ್ತವೆ. ಅವುಗಳ ಮೇಲೆ ಬ್ಯಾಕ್ಟೀರಿಯಾ. ಒಳ್ಳೆಯ ಥಿಯೇಟರ್‌ನಲ್ಲಿ ಗಾಳಿ ಸೋಸುವ ಹೆಪಾ ಎಂಬ ಸೂಕ್ಷ್ಮ ಫಿಲ್ಟರ್ 0.3 ಮೈಕ್ರಾನ್‌ನಷ್ಟು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳಲ್ಲೂ 99.97% ಹಿಡಿಯುತ್ತದೆ. ಗಂಟೆಗೆ ಸುಮಾರು 20 ಸಲ ಗಾಳಿ ಬದಲಾಗುತ್ತದೆ. ಒಳಗಿನ ಒತ್ತಡ ತುಸು ಹೆಚ್ಚಿರುವುದರಿಂದ ಬಾಗಿಲು ತೆರೆದರೆ ಗಾಳಿ ಹೊರಕ್ಕೆ ಹೋಗುತ್ತದೆ. ಆದರೆ ಪದೇ ಪದೇ ತೆರೆದರೆ ಈ ಏರ್ಪಾಡು ಕೆಡುತ್ತದೆ.

1960ರ ದಶಕದಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ ಸೊಂಟದ ಕೀಲು ಬದಲಿಸುವಾಗ ಶುದ್ಧ ಗಾಳಿಗೆ ಒತ್ತು ಕೊಟ್ಟರು. ಅವರ ರೋಗಿಗಳಲ್ಲಿ ಸೋಂಕು ಬಹಳ ಇಳಿಯಿತು. ಗಾಳಿಯೊಂದೇ ಸಾಲದು, ಕೈ ತೊಳೆಯುವುದು, ಸಲಕರಣೆಗಳ ಶುದ್ಧಿ ಎಲ್ಲವೂ ಬೇಕು.

ಹಾಗಾಗಿ "ಒಂದೇ ನಿಮಿಷ ಅಮ್ಮನ್ನ ನೋಡ್ತೀನಿ ಸಿಸ್ಟರ್" ಅಂತ ಥಿಯೇಟರ್ ಬಾಗಿಲು ತೆಗೆಸಬೇಡಿ. ದಯವಿಟ್ಟು ಹೊರಗೇ ಕಾಯಿರಿ.